ಹಿಮದ ಜೊತೆ ಬಂದವರು

ಕಂಪ್ಯೂಟರಿಗೆ ಹೂವಿನ ಬಟ್ಟೆ ಹೊದಿಸಿ ಮಲಗಿಸುತ್ತಿದ್ದ ಕಾಲವದು. ಮೈಸೂರಿನ ನಜರ್‌ಬಾದಿನ ನಮ್ಮ ಮನೆಯಲ್ಲಿ ಅದಕ್ಕಿದ್ದ ಮರ್ಯಾದೆ ನನಗೂ ಇರಲಿಲ್ಲ. ಅಮ್ಮ ಅದರಲ್ಲಿ ಕ್ರಿಸ್‌ಮಸ್ ಹಾಡುಗಳನ್ನು ಟೈಪ್ ಮಾಡುತ್ತಿದ್ದಳು. ಎಲ್ಲೂ ಅಚ್ಚಾಗದ ಹಳೆಯ ಹಾಡುಗಳು. ನಮ್ಮ ಚರ್ಚಿನ ಅಜ್ಜಿಯರು ಹಾಡಿದ್ದನ್ನು ಬಾಯಿಪಾಠ ಮಾಡಿಕೊಂಡು ಬಂದು ಕೂಡಿಸಿದವು. ಹಬ್ಬಕ್ಕೆ ಪುಸ್ತಕವಾಗಬೇಕಿತ್ತು. ತೆರೇಸಜ್ಜಿಯಂತೂ ತಮ್ಮ ಹಾಡು ಹೇಳಿಕೊಟ್ಟು ಆ ಮಳೆಗಾಲದಲ್ಲೇ ತೀರಿಕೊಂಡಿದ್ದರು.

ಡಿಸೆಂಬರಿನಲ್ಲಿ ಅಮ್ಮ ಕಜ್ಜಾಯಕ್ಕೆ ಅಕ್ಕಿ ನೆನೆಹಾಕಿದ ದಿನ, ಹೆಬ್ಬಾಳದ ಕಾರ್ಖಾನೆಯಿಂದ ಬಂದ ಅಪ್ಪನಿಗೆ ಹಬ್ಬದ ಹುರುಪು ಹತ್ತಿತು. ಪರದೆಯ ಮೇಲೆ ಹಿಮ ಬೀಳಿಸುವ ಪುಕ್ಕಟೆ ಪ್ರೋಗ್ರಾಮೊಂದನ್ನು ಇಂಟರ್ನೆಟ್‌ನಿಂದ ಇಳಿಸಿದ. ಮೈಸೂರಿನಲ್ಲಿ ಹಿಮ ಎಂದರೆ ಸುಮ್ಮನೇ ಅಲ್ಲ. ಬೀದಿಯ ಮಕ್ಕಳೆಲ್ಲ ಗೋಲಿ ಬಿಟ್ಟು ಓಡಿ ಬಂದರು. ಮರುದಿನದಿಂದ ಅಮ್ಮ ಒಂದು ಸಾಲು ಮುಗಿಸುವಷ್ಟರಲ್ಲಿ ಜಾಹೀರಾತು ಧುತ್ತೆಂದು ಎದುರು ನಿಲ್ಲತೊಡಗಿತು. ನೀವು ಕಾರು ಗೆದ್ದಿದ್ದೀರಿ, ಇಲ್ಲಿ ಒತ್ತಿ. ಹಿಮವನ್ನು ತೆಗೆದರೂ ಅದು ಹೋಗಲಿಲ್ಲ. ಒಳಗೆಲ್ಲೋ ಅಡಗಿ ಕೂತಿತ್ತು. ರಿಪೇರಿಯವರು ಎಲ್ಲ ಅಳಿಸಿ ಹೊಸದಾಗಿ ಹಾಕೋಣ, ಹಾಡುಗಳಿಗೆ ಗ್ಯಾರಂಟಿ ಕೊಡಲಾರೆ ಎಂದರು. ಅಮ್ಮ ಒಪ್ಪಲಿಲ್ಲ.

ಭಾನುವಾರ ಅಪ್ಪ ತಾನೇ ಕೂತ. ಅಡುಗೆಮನೆಯಿಂದ ಕಜ್ಜಾಯ ಕರಿಯುವ ಘಮ ಬರುತ್ತಿತ್ತು. ಕಂಪ್ಯೂಟರಿನೊಳಗಿನ ಪ್ರೋಗ್ರಾಮುಗಳ ಪಟ್ಟಿ ತೆರೆದು, ಹೆಸರು ಅರ್ಥವಾಗದ್ದನ್ನೆಲ್ಲ ಮೇಲಿನಿಂದ ಕಿತ್ತುಹಾಕುತ್ತ ಬಂದ. ಆ ಭರಾಟೆಯಲ್ಲಿ ಅಕ್ಷರ ಮೂಡಿಸುವ ಕನ್ನಡದ ಸಾಫ್ಟ್‌ವೇರೂ ಹೋಯಿತು. ಅಮ್ಮ ಬಂದು ಹಾಡು ತೆರೆದರೆ ಪುಟದ ತುಂಬ ಯಾವ ಭಾಷೆಯೂ ಅಲ್ಲದ ಚಿಹ್ನೆಗಳು. ಎಷ್ಟೋ ಸಾಲುಗಳು ಅವಳಿಗೆ ಆಗಲೇ ಮರೆತುಹೋಗಿದ್ದವು.

"ಕಳ್ಳರನ್ನ ಓಡ್ಸೋಕೋಗಿ ಮನೆಯೋರ್ನೇ ಆಚೆಗಾಕ್ಬುಟ್ರಲ್ರೀ," ಎಂದಳು. ನನಗೆ ಅಳು ಬಂತು.

ಅಪ್ಪ ಮನೆಯೆಲ್ಲ ಜಾಲಾಡಿ, ಬಿಸ್ಕತ್ತಿನ ಡಬ್ಬಿಯಲ್ಲಿ ಕನ್ನಡದ ಸೀಡಿಯನ್ನು ಪತ್ತೆ ಮಾಡಿದ. ಅದನ್ನು ಹಾಕಿದ ಮೇಲೆ ಅಕ್ಷರಗಳು ಮರಳಿ ಬಂದವು. ಅಮ್ಮ ತೆರೇಸಜ್ಜಿಯ ಹಾಡನ್ನು ಕೊನೆಯವರೆಗೂ ಓದಿ, ಕಣ್ಣೊರೆಸಿಕೊಂಡು, ಅಪ್ಪನ ಪಕ್ಕ ಕುರ್ಚಿ ಎಳೆದುಕೊಂಡಳು. ಪಟ್ಟಿಯಲ್ಲಿ ಇನ್ನೂ ಅರ್ಧ ಬಾಕಿಯಿತ್ತು. ಪ್ರತಿ ಹೆಸರಿನ ಮುಂದೆ ಅದು ಬಂದ ತಾರೀಖಿತ್ತು.

"ಹೆಸ್ರು ಬುಡಿ. ನಾನು ಅಕ್ಕಿ ನೆನೆಹಾಕಿದ್ ದಿನ ಹಿಮದ ಜೊತೇಲಿ ಯಾರ್ಯಾರು ಬಂದ್ರು, ಅದ್ನ ನೋಡಿ."

ನಾಲ್ಕು ಹೆಸರು ಸಿಕ್ಕವು. ಒಂದೊಂದಕ್ಕೂ ಅಮ್ಮ ಹೂಂ ಅಂದ ಮೇಲೆಯೇ ಅಪ್ಪ ಕಿತ್ತ. ಕಂಪ್ಯೂಟರನ್ನು ಆರಿಸಿ ಮತ್ತೆ ಹಚ್ಚಿ, ಮೂವರೂ ಪರದೆಯನ್ನೇ ನೋಡುತ್ತ ಕಾದೆವು. ಆ ಸಂಜೆ ನಾವು ಯಾವ ಕಾರನ್ನೂ ಗೆಲ್ಲಲಿಲ್ಲ. ಅಪ್ಪ ಬಿಸಿ ಕಜ್ಜಾಯ ಮುರಿದು ನನ್ನ ಬಾಯಿಗಿಟ್ಟ.

ಈಗ ನನ್ನ ಫೋನಿನೊಳಗೆ ಯಾರು ಯಾವಾಗ ಬಂದು ಸೇರಿಕೊಂಡರೋ ನನಗೇ ಗೊತ್ತಿಲ್ಲ. ಒಂದೇ ಪರದೆಯ ಮುಂದೆ ಮನೆಮಂದಿಯೆಲ್ಲ ಕೂರುವುದು ನಿಂತೇಹೋಗಿದೆ. ಅದು ನನಗೆ ನಿಜಕ್ಕೂ ಬೇಸರ. ಹಾಡಿಕೊಟ್ಟ ಅಜ್ಜಿಯರಲ್ಲಿ ಒಬ್ಬರೂ ಉಳಿದಿಲ್ಲ. ಆದರೆ ಡಿಸೆಂಬರ್ ಬಂದರೆ ಚರ್ಚಿನ ಮಕ್ಕಳು ಅಮ್ಮನ ಪುಸ್ತಕದ ಹಾಡುಗಳನ್ನು ಫೋನಿನಲ್ಲಿ ನೋಡಿಕೊಂಡು ಹಾಡುತ್ತಾರೆ. ಶುರುವಾಗುವ ಮೊದಲು ಅಮ್ಮ ಕನ್ನಡಕ ಏರಿಸಿ, ಪಕ್ಕದ ಮಗುವಿನ ಫೋನಿಗೆ ಬಗ್ಗಿ, ಅಕ್ಷರಗಳೆಲ್ಲ ಇವೆಯೇ ಎಂದು ನೋಡುತ್ತಾಳೆ.

ಇರುತ್ತವೆ.