ಅಪ್ಪನನ್ನು ಕೇಳಿದ ಮಾಜಿ ಶಾಸಕರು

"ನಿಮ್ಮಪ್ಪ ಹೆಂಗವ್ರೆ ಕಣಪ್ಪ? ಅಟ್ಟದ ಕೊಬ್ಬರಿ ಇಳಿಸಿದ್ರಾ?" ತುರುವೇಕೆರೆಯ ಮದುವೆ ಮನೆಯಲ್ಲಿ ನಮ್ಮ ಮಾಜಿ ಶಾಸಕರು ನನ್ನ ಕೈ ಹಿಡಿದು ಕೇಳಿದರು.

ಅಪ್ಪ ತೀರಿಕೊಂಡಾಗ ಚಟ್ಟಕ್ಕೆ ಹೆಗಲು ಕೊಟ್ಟವರು ಇವರೇ ಎಂದು ನನ್ನ ನೆನಪು. ಪಂಚಾಯಿತಿ ಸದಸ್ಯರಾಗಿದ್ದಾಗಿನಿಂದ ಮನೆಮನೆಯ ಹಿರಿಯರನ್ನು ಹೀಗೆ ವಿಚಾರಿಸುತ್ತಲೇ ವಿಧಾನಸೌಧ ಮುಟ್ಟಿದವರು. ಪಕ್ಕದಲ್ಲಿದ್ದ ಅವರ ಹೆಂಡತಿ ಮೆಲ್ಲಗೆ, "ಬೇಜಾರು ಮಾಡ್ಕಬೇಡ ಕಣಪ್ಪ, ಮರೆವು. ಇವ್ರ ಲೆಕ್ಕದಲ್ಲಿ ಯಾರೂ ಸತ್ತೇ ಇಲ್ಲ" ಎಂದರು.

"ಇಳಿಸಿದ್ರು ಸಾರ್, ಚೆನ್ನಾಗವ್ರೆ" ಎಂದೆ.

"ಬತ್ತೀನಿ ಅಂತ ಹೇಳು. ಎಳನೀರು ಕೆಡವಿಸಿರ್ಲಿ" ಎಂದು ನಕ್ಕರು.

ಅಂದು ಹೆಗಲು ಕೊಟ್ಟದ್ದು ನಿಜವಾಗಿ ಅವರೇನಾ ಎಂದು ಆಮೇಲೆ ನನಗೇ ಅನುಮಾನವಾಯಿತು. ಆದರೂ ಅಮ್ಮನನ್ನು ಕೇಳಲಿಲ್ಲ. ಅಪ್ಪ ಇನ್ನೂ ಇದ್ದಾರೆಂದು ನಂಬಿರುವವರು ಈ ತಾಲ್ಲೂಕಿನಲ್ಲಿ ಆ ಮಾಜಿ ಶಾಸಕರೊಬ್ಬರೇ.