ತಂತಿ ಕಡಿದರೂ ನಿಲ್ಲದ ಡ್ರಮ್

ಓದುವ ಎಲ್ಲರಿಗೂ ನಮಸ್ಕಾರ. ನಾನು ಹತ್ತನೇ ಕ್ಲಾಸು ಪಾಸಾದದ್ದು ಮದುವೆಯಾದ ಮೇಲೆ. ಒಂದೇ ಬೆರಳಲ್ಲಿ ಟೈಪ್ ಮಾಡುತ್ತಿದ್ದೇನೆ. ತಪ್ಪಿದ್ದರೆ ತಿದ್ದಿಕೊಂಡು ಓದಿ, ಬೈಯಬೇಡಿ.

ತೊಂಬತ್ತರ ದಶಕದಲ್ಲಿ ಚಳ್ಳಕೆರೆಯಲ್ಲಿ ನಾವು ಮೂವರು ಸೇರಿ ಒಂದು ಬ್ಯಾಂಡ್ ಕಟ್ಟಿದೆವು. ಎಣ್ಣೆ ಮಿಲ್ಲಿನಲ್ಲಿದ್ದ ನಾನು ಗಿಟಾರ್ ನುಡಿಸುತ್ತಿದ್ದೆ. ಅದೇ ಮಿಲ್ಲಿನಲ್ಲಿ ಶೇಂಗಾ ಮೂಟೆ ಹೊರುತ್ತಿದ್ದ ಗೆಳೆಯ ಹಾಡುತ್ತಿದ್ದ. ಡ್ರಮ್ಮಿನವನು ಮೊಳಕಾಲ್ಮೂರಿನಲ್ಲಿ ರೇಷ್ಮೆ ಸೀರೆ ನೇಯುವವನು. ಲಾರಿ ಡ್ರೈವರ್ ಒಬ್ಬ ಕೊಟ್ಟ ಕ್ಯಾಸೆಟ್ಟಿನಲ್ಲಿ ಅಮೆರಿಕದ ಬ್ಲೂಸ್ ಹಾಡುಗಳಿದ್ದವು. ಮಾತು ಒಂದೂ ತಿಳಿಯಲಿಲ್ಲ, ಆದರೆ ಹಾಡುವವನ ಸಂಕಟ ತಿಳಿಯಿತು. ಆ ಧಾಟಿಯಲ್ಲೇ ನಮ್ಮ ಕನ್ನಡ ಹಾಡು ಕಟ್ಟಿಕೊಂಡೆವು.

ಮೊದಲ ಕಾರ್ಯಕ್ರಮ ಬಿ.ಜಿ. ಕೆರೆಯ ಒಂದು ಮದುವೆಯಲ್ಲಿ. ಎರಡನೇ ಹಾಡಿಗೇ ನನ್ನ ತಂತಿ ಟಪ್ಪೆಂದು ಕಡಿಯಿತು. ಡ್ರಮ್ಮಿನವನು ಎರಡೂ ಕೈ ಮೇಲೆತ್ತಿ ಸುಮ್ಮನೆ ಕುಳಿತುಬಿಟ್ಟ. ಚಪ್ಪರವೆಲ್ಲ ಸ್ತಬ್ಧ.

"ಏನ್ರಲೇ, ಕರೆಂಟ್ ಹೋಯ್ತಾ?" ಎಂದು ಯಾರೋ ಕೂಗಿದರು. ಎಲ್ಲ ನಕ್ಕರು. ಮನೆಯವರು ಟೇಪ್ ರೆಕಾರ್ಡರ್ ಹಾಕಿಸಿದರು.

ವಾಪಸ್ ಬರುವಾಗ ಬಸ್ಸಿನಲ್ಲಿ ಹಾಡುಗಾರ ಡ್ರಮ್ಮಿನವನ ಮೇಲೆ ರೇಗಿದ. "ಯಾಕಲೇ ನಿಲ್ಸಿದೆ?"

"ಎಳೆ ಕಡೀತಲ್ಲಣ್ಣ."

"ಅದು ಗಿಟಾರ್ ಕಣಲೇ, ನಿಮ್ಮನೆ ಸೀರೆ ಅಲ್ಲ!"

"ಗೊತ್ತೈತೆ. ಟಪ್ ಅಂದ್ರೆ ಕೈ ತಾನೇ ಎದ್ ಬಿಡ್ತೈತೆ. ಮಗ್ಗದಾಗೆ ಎಳೆ ಕಡಿದಾಗ ನಿಲ್ಸದಿದ್ರೆ ಸೀರೆಗೆ ಗೆರೆ ಬೀಳ್ತೈತಣ್ಣ."

ಬೇರೆ ಡ್ರಮ್ಮಿನವನನ್ನು ಹುಡುಕೋಣ ಎಂದ ಹಾಡುಗಾರ. ನಾನು ಒಪ್ಪಲಿಲ್ಲ. ಆದರೆ ಡ್ರಮ್ಮಿನವನಿಗೇ ಇನ್ನೊಂದು ಭಯ: ಡ್ರಮ್ಮಿನ ಅಭ್ಯಾಸದಿಂದ ಕೈ ನಿಲ್ಲುವುದನ್ನೇ ಮರೆತರೆ ಮಗ್ಗದ ಗತಿಯೇನು? ಅವನ ಮನೆಯ ಅನ್ನ ಅದು.

ದಾರಿಯನ್ನೂ ಅವನೇ ಹುಡುಕಿದ. ಮುಂದಿನ ಭಾನುವಾರ ಹಳೆಯ ಕ್ಯಾನ್‌ವಾಸ್ ಬೂಟು ಹಾಕಿಕೊಂಡು ಬಂದ. "ಬರಿಗಾಲಾದ್ರೆ ಮಗ್ಗ, ಬೂಟಾದ್ರೆ ಡ್ರಮ್. ಕಾಲಿಗೆ ಗೊತ್ತಾದ್ರೆ ಕೈಗೂ ಗೊತ್ತಾಗ್ತೈತೆ."

ಅಂದಿನಿಂದ ಪ್ರತಿ ಭಾನುವಾರ, ಮಿಲ್ಲಿಗೆ ರಜೆ ಇದ್ದಾಗ, ಗೋಡೌನಿನಲ್ಲಿ ಅದೊಂದೇ ಅಭ್ಯಾಸ. ನಾನು ಹಳೆಯ ತಂತಿ ಕಟ್ಟಿ ನುಡಿಸುವೆ. ಹಾಡುಗಾರ ಹಿಂದಿನಿಂದ ಬಂದು ಇಕ್ಕಳದಲ್ಲಿ ಕತ್ತರಿಸುವ. ಡ್ರಮ್ಮಿನವನ ಕೈ ಏಳುತ್ತಿತ್ತು. "ಇನ್ನೊಂದ್ಸಲ ಕಡಿ," ಎನ್ನುತ್ತಿದ್ದ. ತಿಂಗಳುಗಟ್ಟಲೆ ಹೀಗೇ. ದಾವಣಗೆರೆಯ ವಾದ್ಯದಂಗಡಿಯವನು ಬಿಚ್ಚಿದ ಹಳೆಯ ತಂತಿಗಳನ್ನೂ ನಮಗಾಗಿ ಎತ್ತಿಡುತ್ತಿದ್ದ.

ಪರಶುರಾಂಪುರದ ಒಂದು ಶಾಲೆಯ ಕಾರ್ಯಕ್ರಮದಲ್ಲಿ ಮತ್ತೆ ತಂತಿ ಕಡಿಯಿತು. ತಿರುಗಿ ಡ್ರಮ್ಮಿನವನನ್ನು ನೋಡಿದೆ. ಅವನ ಕೋಲು ಒಂದು ಕ್ಷಣ ಗಾಳಿಯಲ್ಲಿ ನಿಂತಿತು. ಬೂಟು ಮಾತ್ರ ಪೆಡಲನ್ನು ಒತ್ತುತ್ತಲೇ ಇತ್ತು. ಆಮೇಲೆ ಕೋಲೂ ಇಳಿಯಿತು. ನಾನು ತಂತಿ ಬದಲಿಸುವವರೆಗೆ ಬರೀ ಡ್ರಮ್ಮಿಗೇ ಹಾಡುಗಾರ ಹಾಡಿದ. ಅವತ್ತು ಯಾರೂ ಕರೆಂಟಿನ ಮಾತೆತ್ತಲಿಲ್ಲ.

ಡಿ.ಜೆ. ಬಾಕ್ಸ್‌ಗಳು ಬಂದ ಮೇಲೂ ನಾವು ಬಹಳ ವರ್ಷ ನುಡಿಸಿದೆವು. ತಂತಿಗಳು ಕಡಿಯುತ್ತಲೇ ಇದ್ದವು. ಅವನ ಮಗ್ಗದ ಸೀರೆಗೆ ಒಂದು ಗೆರೆಯೂ ಬೀಳಲಿಲ್ಲ. ಬೂಟು ಮಾತ್ರ ನಾಲ್ಕು ಜೊತೆ ಸವೆದವು.

ಕಸುಬಿಗೆ ಪಳಗಿದ ಕೈ ನಿಮಗೂ ಬೇರೆ ಕಡೆ ಹೀಗೆ ಅಡ್ಡ ಬಂದದ್ದು ಇದೆಯೇ? ಹೇಗೆ ದಾಟಿದಿರಿ? ಎರಡು ಸಾಲಾದರೂ ಬರೆಯಿರಿ.