ಕಸ ತೆಗೆಯುವ ಚಿಕ್ಕತಾಯಮ್ಮ

2022ರ ಫೆಬ್ರವರಿಯ ಒಂದು ಸೋಮವಾರ, ಬೆಳಿಗ್ಗೆ ಎಂಟು ಗಂಟೆ. ಸ್ಥಳ, ಕನಕಪುರದ ಕಡೆಯ ಒಂದು ಆಸ್ಪತ್ರೆಯ ಹೆಂಗಸರ ವಾರ್ಡು. ಮೇಜಿನ ಬಳಿ ಇದ್ದವರು ಮೂವರು: ಹಿರಿಯ ಶುಶ್ರೂಷಾ ಅಧಿಕಾರಿಯಾಗಿದ್ದ ನಾನು, ಡ್ಯೂಟಿಯಲ್ಲಿದ್ದ ವೈದ್ಯೆ, ಮತ್ತು ಆಗಷ್ಟೇ ಕೋಡಿಹಳ್ಳಿ ಕಡೆಯಿಂದ ಬಸ್ಸಿಳಿದು ಬಂದಿದ್ದ ಚಿಕ್ಕತಾಯಮ್ಮ ಎಂಬ ಹೆಂಗಸು. ವಯಸ್ಸು ಐವತ್ತೈದರ ಆಸುಪಾಸು. ಜೊತೆಗೆ ಯಾರೂ ಬಂದಿರಲಿಲ್ಲ.

ಎಂಟಕ್ಕೆ ಚಾರ್ಜ್ ತೆಗೆದುಕೊಳ್ಳುವುದು, ಹಾಸಿಗೆಗಳನ್ನು ಸರಿಪಡಿಸುವುದು, ಆಮೇಲೆ ಎಲ್ಲರ ಜ್ವರ ನೋಡುವುದು. ಸೇವೆಗೆ ಸೇರಿದ ದಿನದಿಂದ ನಾನು ಈ ಕ್ರಮ ತಪ್ಪಿಸಿದವಳಲ್ಲ. ಅಂದು ಹಾಸಿಗೆ ತೋರಿಸಿದರೆ ಚಿಕ್ಕತಾಯಮ್ಮ ಮುಂದೆ ಬರಲಿಲ್ಲ. ಚೀಲದಿಂದ ಒಂದು ಸ್ಟೀಲ್ ತಟ್ಟೆ, ಒಂದು ಲೋಟ ತೆಗೆದು ಎದೆಗೆ ಒತ್ತಿಕೊಂಡು ಗೋಡೆಯ ಪಕ್ಕ ನಿಂತಳು.

"ಆ ಮೂಲೇದು ಕೊಡಿ ಸಿಸ್ಟ್ರಮ್ಮ. ತಟ್ಟೆ ಲೋಟ ನಂದೇ ತಂದಿವ್ನಿ. ನಂದು ಕಾರಂಟೈನು."

"ಯಾರು ಹೇಳಿದ್ದು?"

"ಮನೇಲಿ."

ದೀಪಾವಳಿ ಕಳೆದಾಗಿನಿಂದ ಜ್ವರವಂತೆ. ಬೆಳಿಗ್ಗೆ ಇರುವುದಿಲ್ಲ, ಸಂಜೆ ಏರುತ್ತದೆ, ಆಮೇಲೆ ಸೀರೆ ನೆನೆಯುವಷ್ಟು ಬೆವರು. ಸೊಂಟ, ಮಂಡಿ, ಕೀಲುಗಳಲ್ಲಿ ನೋವು. ಮೈ ಇಳಿದಿತ್ತು. ವಿಧವೆಯಾದ ಮೇಲೆ ಅವಳು ತಮ್ಮ ನಂಜೇಗೌಡನ ಮನೆಯಲ್ಲಿದ್ದಳು. ಜ್ವರ ಬಿಡದೆ ಹೋದಾಗ ತಮ್ಮನ ಹೆಂಡತಿ ಜಯಮ್ಮ ಇದು ಟಿ.ಬಿ.ಯೇ ಎಂದು ತೀರ್ಮಾನಿಸಿದ್ದಳು. ಅಕ್ಕನ ಮಂಚ ಕೊಟ್ಟಿಗೆಗೆ ಹೋಯಿತು. ಕೊರೊನಾ ಕಾಲದಲ್ಲಿ ಕಲಿತ ಪಾಠ ಅದು: ಜ್ವರವೇ, ಬೇರೆ ಮಲಗಿಸು, ಬೇರೆ ತಟ್ಟೆ ಕೊಡು.

ವೈದ್ಯೆ ಕ್ರಮವಾಗಿ ಒಂದೊಂದೇ ಪರೀಕ್ಷೆ ಮಾಡಿಸಿದರು. ಮಲೇರಿಯಾ ಇಲ್ಲ, ಡೆಂಗಿ ಇಲ್ಲ, ಟೈಫಾಯ್ಡ್ ಇಲ್ಲ. ಕಫದಲ್ಲಿ ಟಿ.ಬಿ. ಬ್ಯಾಕ್ಟೀರಿಯಾ ಸಿಗಲಿಲ್ಲ, ಎದೆಯ ಎಕ್ಸ್‌ರೇ ಸ್ವಚ್ಛವಾಗಿತ್ತು. ಏನು ಕೆಲಸ ಮಾಡುತ್ತೀರಿ ಎಂದು ಕೇಳಿದಾಗ ಅವಳು, "ಕಸ ತೆಗೀತೀನಿ ಕಣವ್ವ, ಸುತ್ತ ನಾಲ್ಕೂರಲ್ಲಿ" ಎಂದಳು. ಬೀದಿ ಗುಡಿಸುವವಳು, ಧೂಳಿನಲ್ಲಿ ದುಡಿಯುವವಳು ಎಂದು ನಾವು ತಿಳಿದೆವು.

ಭೇಟಿಯ ಹೊತ್ತು ಸಂಜೆ ನಾಲ್ಕರಿಂದ ಆರು. ಉಳಿದ ಹಾಸಿಗೆಗಳ ಸುತ್ತ ಟಿಫಿನ್ ಕ್ಯಾರಿಯರ್, ಎಳನೀರು, ಮಾತು, ಜಗಳ. ಮೂಲೆಯ ಹಾಸಿಗೆಗೆ ಯಾರೂ ಬರಲಿಲ್ಲ. ಚಿಕ್ಕತಾಯಮ್ಮ ಆ ಎರಡು ಗಂಟೆ ಗೋಡೆಯ ಕಡೆ ತಿರುಗಿ ಮಲಗಿರುತ್ತಿದ್ದಳು. ನಿದ್ದೆಯಲ್ಲ ಎಂಬುದು ನನಗೆ ಗೊತ್ತಿತ್ತು. ಮೊದಲ ಕೊರೊನಾ ಅಲೆಯಲ್ಲಿ ನನಗೂ ಸೋಂಕು ತಗುಲಿ ಒಂದು ಕೋಣೆಯಲ್ಲಿ ಒಬ್ಬಳೇ ಇದ್ದೆ. ಹೊರಗೆ ಯಾರೋ ತಟ್ಟೆ ಇಟ್ಟು ಬೇಗಬೇಗ ಹಿಂದೆ ಸರಿಯುವ ಕಾಲ ಸಪ್ಪಳ ಈಗಲೂ ನೆನಪಿದೆ. ಬಾಗಿಲು ತೆರೆಯುವಷ್ಟರಲ್ಲಿ ಹೊರಗೆ ಯಾರೂ ಇರುತ್ತಿರಲಿಲ್ಲ.

ಗುರುವಾರ ಸಂಜೆ ಅವಳ ಜ್ವರ ಏರಿತ್ತು. ಒದ್ದೆ ಬಟ್ಟೆಯಿಂದ ಕೈ ಒರೆಸುತ್ತಿದ್ದೆ. ಅವಳ ಫೋನು ಬಡಿದುಕೊಂಡಿತು. ಕಿವಿ ಸ್ವಲ್ಪ ಮಂದವಾದ್ದರಿಂದ ಅವಳು ಸ್ಪೀಕರ್ ಹಾಕಿಯೇ ಮಾತಾಡುತ್ತಿದ್ದಳು.

"ಅಕ್ಕೋ, ನಮ್ಮ ಹಸ ಬೆಳಿಗ್ಗೆನೇ ಈದೈತೆ. ಕಸ ಇನ್ನೂ ಬಿದ್ದಿಲ್ಲ. ಯಾವಾಗ ಬತ್ತೀಯಾ?" ಪಕ್ಕದೂರಿನ ರೈತನ ದನಿ.

"ಆಸ್ಪತ್ರೇಲಿ ಮಲಗಿವ್ನಿ ಕಣ್ಲಾ. ಬಿದಿರು ಸೊಪ್ಪು ತಿನ್ಸಿ ನೋಡು. ಅಲ್ಲ ಕಣ್ಲಾ, ಜಗಲಿ ಮ್ಯಾಲೆ ಕೂರಿಸ್ಕಳಕ್ಕೆ ಆಗದ ಅಕ್ಕ ಕಸ ತೆಗೆಯಕ್ಕೆ ಮಾತ್ರ ಆಯ್ತಾಳಾ?"

"ಅದು ಬ್ಯಾರೆ, ಇದು ಬ್ಯಾರೆ ಕಣಕ್ಕ."

"ಬ್ಯಾರೆನಂತೆ! ಇಡ್ಲಾ ಫೋನ."

ನನ್ನ ಕೈಯಲ್ಲಿದ್ದ ಬಟ್ಟೆ ನಿಂತಿತು. "ಯಾವ ಕಸ, ಚಿಕ್ಕತಾಯಮ್ಮ?"

"ಇನ್ಯಾವ್ದು? ಹಸ ಈದ್ಮೇಲೆ ಬೀಳೋ ಕಸ. ಬೀಳ್ದೆ ಒಳಗೇ ನಿಂತ್ಕಂಡ್ರೆ ಕೈ ಹಾಕಿ ಬುಡಿಸ್ಬೇಕು." ನನ್ನ ಮುಖ ನೋಡಿದಳು. "ಅಯ್ಯೋ, ನಾನು ಬೀದಿ ಗುಡಿಸೋಳು ಅನ್ಕಂಡಿದ್ರಾ? ನಿಮ್ಮೂರಲ್ಲಿ ಹಸ ಈಯಾಕಿಲ್ವಾ ಸಿಸ್ಟ್ರಮ್ಮ?"

ನಾನು ಮಾಗಡಿ ಪೇಟೆಯಲ್ಲಿ ಬೆಳೆದವಳು. ನಮ್ಮ ಮನೆಗೆ ಹಾಲು ಬರುತ್ತಿತ್ತು, ಹಸು ಬರುತ್ತಿರಲಿಲ್ಲ. ಹಾಗೆಂದೆ. ಅವಳು ಕೆಮ್ಮುವಷ್ಟು ನಕ್ಕಳು. ವಾರ್ಡಿಗೆ ಬಂದ ಮೇಲೆ ಅದೇ ಅವಳ ಮೊದಲ ನಗು.

"ಬರಿಗೈಲಾ?"

"ಮತ್ತೆ? ಮೊಣಕೈ ಗಂಟ ಹರಳೆಣ್ಣೆ ಬಳ್ಕಂಡು. ಕೊನೆಗೆ ತೆಗ್ದಿದ್ದು ನಮ್ಮ ಗೌರೀದೇ. ದಸರಾ ಆದ್ಮೇಲೆ ಪಾಪ, ಏಳು ತಿಂಗಳಿಗೇ ಕಂದು ಹಾಕ್ಬುಡ್ತು."

ಕಂದು ಹಾಕುವುದು ಎಂದರೆ ದಿನ ತುಂಬುವ ಮೊದಲೇ ಕರು ಸತ್ತು ಬೀಳುವುದು. ಅಷ್ಟು ಮಾತ್ರ ನನಗೂ ಗೊತ್ತಿತ್ತು. ಬಟ್ಟೆಯನ್ನು ಬೇಸಿನ್ನಿಗೆ ಹಾಕಿ ನೇರವಾಗಿ ವೈದ್ಯೆಯ ಕೋಣೆಗೆ ಹೋದೆ. ಅವರು ಪೂರ್ತಿ ಕೇಳಿಸಿಕೊಂಡು ಒಂದೇ ಮಾತು ಹೇಳಿದರು: "ಬ್ರುಸೆಲ್ಲಾಗೆ ಬ್ಲಡ್ ಕಳಿಸೋಣ ಸಿಸ್ಟರ್."

ರಕ್ತ ಬೆಂಗಳೂರಿಗೆ ಹೋಯಿತು. ಮುಂದಿನ ವಾರ ವರದಿ ಬಂತು, ಪಾಸಿಟಿವ್.

ಬ್ರುಸೆಲ್ಲಾ ಒಂದು ಬ್ಯಾಕ್ಟೀರಿಯಾ. ಹಸುವಿನ ಗರ್ಭಕೋಶದಲ್ಲಿ ನೆಲೆಸಿ ಕರುವನ್ನು ಬೀಳಿಸುತ್ತದೆ. ಬಿದ್ದ ಕರು, ಕಸ, ಅದರೊಡನೆ ಬರುವ ನೀರು, ಎಲ್ಲದರಲ್ಲೂ ಅದು ತುಂಬಿರುತ್ತದೆ. ಕೈಯ ಮೇಲಿನ ಸಣ್ಣ ಗೀರು ಸಾಕು. ಕಾಯಿಸದ ಹಾಲೂ ಸಾಕು. ಕೊರೊನಾ ವೈರಸ್ಸಿನಂತೆ, ಟಿ.ಬಿ.ಯಂತೆ ಇದು ಪಕ್ಕದಲ್ಲಿ ಕೂತವರ ಉಸಿರಿನಿಂದ ಬರುವಂಥದ್ದಲ್ಲ. ಮನುಷ್ಯರಿಂದ ಮನುಷ್ಯರಿಗೆ ದಾಟುವುದು ತೀರಾ ಅಪರೂಪ. ತಟ್ಟೆ, ಲೋಟ, ಮಂಚಕ್ಕೂ ಇದಕ್ಕೂ ಸಂಬಂಧವಿಲ್ಲ.

ಆರು ವಾರಗಳ ಚಿಕಿತ್ಸೆ ಶುರುವಾಯಿತು. ಡಾಕ್ಸಿಸೈಕ್ಲಿನ್ ಮತ್ತು ರಿಫಾಂಪಿಸಿನ್, ಎರಡೂ ಪ್ರತಿದಿನ. ಜ್ವರ ಇಳಿದ ಮೇಲೆ ಅವಳನ್ನು ಮನೆಗೆ ಕಳಿಸಿದೆವು. ಒಂದು ದಿನವೂ ಮಾತ್ರೆ ತಪ್ಪಿಸಬಾರದೆಂದು ಹೇಳಿ, ಹೇಳಿದ್ದನ್ನು ಅವಳ ಬಾಯಿಂದಲೇ ಮತ್ತೆ ಹೇಳಿಸಿದೆ.

ಮಾರ್ಚಿನಲ್ಲಿ ತಪಾಸಣೆಗೆ ಬಂದಾಗ ಜ್ವರ ಇರಲಿಲ್ಲ. ಕೈಯಲ್ಲಿ ಅದೇ ತಟ್ಟೆ ಲೋಟದ ಚೀಲ ಇತ್ತು.

"ಇನ್ನೂ ಕೊಟ್ಟಿಗೇಲೇ ಇದ್ದೀಯಾ?"

"ಎಲ್ಲಿಗೋಗ್ಲಿ? ಉಚ್ಚೆ ಕೆಂಪಗೆ ಹೋಯ್ತದಲ್ಲ, ಮಾತ್ರೆಗೆ. ಜಯಮ್ಮನ ತವರಲ್ಲಿ ಒಬ್ರಿಗೆ ಟೀಬಿ ಬಂದಿತ್ತಂತೆ. ಅವ್ರದ್ದೂ ಹಿಂಗೇ ಕೆಂಪಂತೆ. ಮುಗೀತಲ್ಲ, ಅವ್ಳಿಗೆ ಅದೇ ರುಜುವಾತು."

ಬಣ್ಣದ ಮಾತು ಸರಿಯೇ. ರಿಫಾಂಪಿಸಿನ್ ಟಿ.ಬಿ.ಗೂ ಕೊಡುವ ಔಷಧ. ಮೂತ್ರವನ್ನು ಕೆಂಪು ಕಿತ್ತಳೆ ಬಣ್ಣಕ್ಕೆ ತಿರುಗಿಸುತ್ತದೆ. ಇದನ್ನು ಮನೆಯವರಿಗೆ ಫೋನಿನಲ್ಲಿ ತಿಳಿಸಿದರೆ ಆಗುವ ಕೆಲಸವಲ್ಲ ಅನ್ನಿಸಿತು. ನಮ್ಮ ಆಸ್ಪತ್ರೆಯಿಂದ ತಿಳಿಸಿದ್ದರಿಂದ ಹಿಂದಿನ ವಾರವೇ ಊರಿನ ಪಶುವೈದ್ಯರು ಗೌರಿಯ ರಕ್ತ ತೆಗೆದಿದ್ದರು. ಅದರ ಫಲಿತಾಂಶ ಬಂದ ದಿನ ನನಗೆ ವಾರದ ರಜೆ. ಅವರ ಜೊತೆ ನಾನೂ ಊರಿಗೆ ಹೋದೆ.

ಕೊಟ್ಟಿಗೆಯ ಒಂದು ಕಡೆ ಗೌರಿ, ಇನ್ನೊಂದು ಕಡೆ ಮಂಚ. ನಡುವೆ ಒಂದು ಮಾರು ಜಾಗ. ಗೋಡೆಯ ಗೂಡಿನಲ್ಲಿ ತಟ್ಟೆ, ಲೋಟ. ನಂಜೇಗೌಡ, ಜಯಮ್ಮ ಇಬ್ಬರೂ ಬಾಯಿಗೆ ಬಟ್ಟೆ ಕಟ್ಟಿಕೊಂಡು ಹಿತ್ತಿಲ ಬಾಗಿಲಲ್ಲೇ ನಿಂತರು.

"ನಮ್ಗೇನು ಅತ್ತಿಗೆ ಮ್ಯಾಲೆ ದ್ವೇಸ್ವಾ ಸಿಸ್ಟ್ರಮ್ಮ? ಟೀಬಿ ಮಾತ್ರೆನೇ ಕೊಟ್ಬುಟ್ಟು ಟೀಬಿ ಅಲ್ಲ ಅಂತೀರಲ್ಲ, ಅದೆಂಗೆ?" ಎಂದಳು ಜಯಮ್ಮ.

"ನಿಮ್ಮನೇಲಿ ಎಳನೀರು ಕೊಚ್ಚೋ ಮಚ್ಚು ಯಾವುದು?"

"ಇದೇ, ಸೌದೆ ಸೀಳೋದು."

"ಮಚ್ಚು ನೋಡಿ ಎಳನೀರೂ ಸೌದೇನೂ ಒಂದೇ ಅಂತೀಯಾ? ಮಾತ್ರೆನೂ ಹಂಗೇ."

ಅವಳು ಗಂಡನ ಮುಖ ನೋಡಿದಳು. ಪಶುವೈದ್ಯರು ವರದಿಯ ಕಾಗದ ಮಡಚಿ ಜೇಬಿಗಿಟ್ಟು ಹೇಳಿದರು: "ಗೌಡ್ರೇ, ರೋಗ ಬಂದಿರೋದು ಗೌರಿಯಿಂದ. ಬೇರೆ ಕಟ್ಟಬೇಕಾದ್ದು ಅದನ್ನ. ಇಷ್ಟು ದಿನ ನಿಮ್ಮಕ್ಕನ್ನ ಎಲ್ಲಿ ಮಲಗಿಸಿದ್ದೀರಾ ನೋಡಿ."

ನಂಜೇಗೌಡ ಮಂಚ ನೋಡಿದ, ಹಸು ನೋಡಿದ. ಬಾಯಿಗೆ ಕಟ್ಟಿದ್ದ ಬಟ್ಟೆ ಬಿಚ್ಚಿದ. ಕೊಟ್ಟಿಗೆಯೊಳಗೆ ಬಂದು ಮಂಚದ ತಲೆಯ ಕಡೆ ಹಿಡಿದ. "ಹಿಡ್ಕಳೇ ಆ ಕಡೆ" ಎಂದ ಹೆಂಡತಿಗೆ. ಮಂಚ ಮನೆಯೊಳಗೆ ಹೋಯಿತು.

ಚಿಕ್ಕತಾಯಮ್ಮ ಮಾತ್ರ ಕದಲಲಿಲ್ಲ. ಗೌರಿಯ ಕತ್ತಿನ ಕೆಳಗೆ ಜೋಲುವ ಗಂಗೆದೊಗಲಿನ ಕಡೆ ಚಾಚಿದ ಕೈಯನ್ನು ನಾನು ತಡೆದೆ.

"ಇವ್ಳು ಒಬ್ಳೇ ಆಯ್ತಾಳಲ್ಲ" ಎಂದಳು. "ಚಳೀಲಿ ನಾನು ನಡುಗ್ತಿದ್ರೆ ಇವ್ಳು ಮೆಲುಕು ಹಾಕೋದೂ ನಿಲ್ಲಿಸ್ಬುಟ್ಟು ನೋಡೋಳು. ಇಷ್ಟ್ ದಿನ ನನ್ನ ಜೊತೆ ಇದ್ದವ್ಳು ಇವ್ಳೊಬ್ಳೇ ಸಿಸ್ಟ್ರಮ್ಮ."

ಹೊಲದ ಅಂಚಿನ ಚಪ್ಪರದಲ್ಲಿ ಗೌರಿಯನ್ನು ಕಟ್ಟುವುದೆಂದು, ಕೈಗವಸು ಇಲ್ಲದೆ ಯಾರೂ ಮುಟ್ಟಬಾರದೆಂದು, ಯಾವ ಮನೆಯ ಹಸುವಿಗೂ ಇನ್ನು ಬರಿಗೈ ಹಾಕದೆ ಪಶು ಆಸ್ಪತ್ರೆಗೆ ಫೋನ್ ಮಾಡಬೇಕೆಂದು ಪಶುವೈದ್ಯರು ಹೇಳಿದರು. ಮನೆಯವರೂ ರಕ್ತಪರೀಕ್ಷೆಗೆ ಬರಬೇಕೆಂದು ನಾನು ಹೇಳಿದೆ. ಪಶುವೈದ್ಯರು ಕೊಟ್ಟ ಉದ್ದನೆಯ ಕೈಗವಸು ತೊಟ್ಟ ನಂಜೇಗೌಡ ಹಗ್ಗ ಹಿಡಿದು ಗೌರಿಯನ್ನು ಹೊಡೆದುಕೊಂಡು ಹೊರಟ. ಅದು ಎರಡು ಸಲ ನಿಂತು ಹಿಂತಿರುಗಿ ನೋಡಿತು.

ವೈರಸ್ಸಾಗಲಿ ಬ್ಯಾಕ್ಟೀರಿಯಾ ಆಗಲಿ, ಪ್ರತಿಯೊಂದಕ್ಕೂ ತನ್ನದೇ ದಾರಿ ಇದೆ. ಒಂದರ ದಾರಿಗೆ ಹಾಕಿದ ಬೇಲಿ ಇನ್ನೊಂದನ್ನು ತಡೆಯುವುದಿಲ್ಲ. ಬೇಲಿಯಾಚೆ ಒಬ್ಬ ಮನುಷ್ಯ ಸುಮ್ಮನೆ ಒಂಟಿಯಾಗಿ ಉಳಿದುಬಿಡುತ್ತಾನೆ. ಈ ರೋಗದ ದಾರಿ ಯಾವುದೆಂದು ನಮಗೆ ಹೇಳಿದ್ದು ಯಾವ ಯಂತ್ರವೂ ಅಲ್ಲ, ಕಸ ಎಂಬ ಎರಡಕ್ಷರ. ಆಮೇಲೆ ಸೇವೆಯಲ್ಲಿದ್ದಷ್ಟು ದಿನ ರೋಗಿ ಕೆಲಸದ ಹೆಸರು ಹೇಳಿದರೆ ನಾನು ಅಲ್ಲಿಗೆ ಬಿಡಲಿಲ್ಲ. ಕೈಯಲ್ಲಿ ಏನು ಹಿಡಿಯುತ್ತೀಯಾ, ಏನು ಮುಟ್ಟುತ್ತೀಯಾ ಎಂದು ಕೇಳಿದೆ. ಕಿರಿಯರಿಗೂ ಅದನ್ನೇ ಹೇಳಿಕೊಟ್ಟೆ.

ಅಂದು ಪಶುವೈದ್ಯರೂ ನಾನೂ ಕೊಟ್ಟಿಗೆಯ ನೆಲ ತೊಳೆಸಿ ಸುಣ್ಣ ಎರಚಿದೆವು. ಕೈಗವಸು ಕಳಚಿ ಮೊಣಕೈವರೆಗೆ ಸೋಪು ಹಚ್ಚಿ ತೊಳೆದುಕೊಂಡೆ. ಗೂಡಿನಲ್ಲಿ ತಟ್ಟೆ, ಲೋಟ ಹಾಗೆಯೇ ಇದ್ದವು. ಜಯಮ್ಮ ಬಂದು ಅವನ್ನು ತೆಗೆದುಕೊಂಡು ಹೋಗಿ ಕೊಳಾಯಿ ಕೆಳಗೆ ಎರಡೆರಡು ಸಲ ಉಜ್ಜಿ ತೊಳೆದಳು. ಒಳಗೆ ಮನೆಯವರ ತಟ್ಟೆಗಳ ಸಾಲಿನಲ್ಲಿ ಅವು ಕೂತ ಸದ್ದು ಕೇಳಿದ ಮೇಲೆ ನಾನು ಚಪ್ಪಲಿ ಮೆಟ್ಟಿ ಬಸ್ಸಿಗೆ ಹೊರಟೆ.